ಜಾಲಿ ಕೀಲು

ಮೇಲೆ ಅಟ್ಟಣಿಗೆಯಲ್ಲಿ ನಿಂತಿದ್ದ ಖಾಕಿ ಚಡ್ಡಿಯ ಮನುಷ್ಯ ಬಗ್ಗಿ ಕೀಲು ಕಿತ್ತ. ನೋಡಬಾರದು, ನೋಡಬಾರದು ಅಂದುಕೊಂಡೇ ಸುಂಕಪ್ಪ ನೋಡಿದ. ಗೇಣುದ್ದದ ಕಬ್ಬಿಣದ ಕೀಲು. ಕಿತ್ತ ಮೇಲೂ ನಾಲ್ಕು ಜನ ಕೂತ ಡಬ್ಬಿ ಒಂದು ಗಳಿಗೆ ಅಲ್ಲೇ ನಿಂತಿತು, ಹೋಗಲೋ ಬ್ಯಾಡವೋ ಅನ್ನುವ ಹಾಗೆ. ಆಮೇಲೆ ಮೂತಿ ಕೆಳಗೆ ಮಾಡಿ ಹಲಗೆ ದಾರಿಯ ಮೇಲೆ ದಡದಡ ಉರುಳಿ, ಒಂದು ದಿಬ್ಬ ಹತ್ತಿ ಇಳಿದು, ಇನ್ನೊಂದು ಹತ್ತಿ ಇಳಿದು, ಸುತ್ತು ಹೊಡೆದು ಬಂದು ನಿಂತಿತು. ಒಳಗೆ ಕೂತ ಹೆಂಗಸು ಕಿರುಚಿದ್ದಕ್ಕೆ ಕೆಳಗಿದ್ದ ಜನವೆಲ್ಲ ನಕ್ಕರು. ಸುಂಕಪ್ಪನ ಬಲಗೈ ಅಂಗಿಯ ಜೇಬಿನೊಳಗೆ ತಾನಾಗಿಯೇ ಮುಷ್ಟಿ ಕಟ್ಟಿತ್ತು. ಆ ಮುಷ್ಟಿಯೊಳಗೆ ಇನ್ನೊಂದು ಕೀಲಿತ್ತು, ಜಾಲಿ ಮರದ್ದು. ಹನ್ನೊಂದು ವರ್ಷದಿಂದ ಟ್ರಂಕಿನ ತಳದಲ್ಲಿ ಹಳೆ ಧೋತರದ ತುಂಡಿನೊಳಗೆ ಬಿದ್ದಿದ್ದ ಅದನ್ನು ಇವತ್ತು ಮುಂಜಾನೆ ಯಾಕೆ ಹೊರಗೆ ತೆಗೆದನೋ ಅವನಿಗೇ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಅನ್ನುವುದೂ ಸುಳ್ಳೇ. ಚೆನ್ನಾಗಿ ಗೊತ್ತಿತ್ತು.

ಬಳ್ಳಾರಿ ಕಂಟೋನ್ಮೆಂಟಿನ ಬಯಲಿನಲ್ಲಿ, ಯುದ್ಧದ ಕಾಲಕ್ಕೆ ಇಟಲಿ ದೇಶದ ಕೈದಿಗಳನ್ನು ಇಟ್ಟಿದ್ದ ಕಡೆಗೆ, ಮದ್ರಾಸಿನಿಂದ ಬಂದ ಕಂಪನಿಯವರು ಡೇರೆ ಹಾಕಿ ಹದಿನೈದು ದಿನವಾಗಿತ್ತು. ಕುದುರೆ ಗಾಲಿ ಇತ್ತು, ಕನ್ನಡಿ ಮನೆ ಇತ್ತು, ಗಡ್ಡದ ಹೆಂಗಸು ಇದ್ದಳು. ಆದರೆ ಊರಿನ ಜನ ಮುಗಿಬಿದ್ದದ್ದು ಈ ಗಾಳಿ ರೈಲಿಗೆ. ಹಾಗಂತ ಕಂಪನಿಯವರೇನೂ ಹೆಸರಿಟ್ಟಿರಲಿಲ್ಲ. ಬೋರ್ಡಿನ ಮೇಲೆ ಇಂಗ್ಲೀಷಿನಲ್ಲಿ ಏನೋ ಬರೆದಿತ್ತು, ಓದಿದವರಿಲ್ಲ, ಜನ ಗಾಳಿ ರೈಲು ಅಂದರು, ಅದೇ ಆಯಿತು. ನಾಲ್ಕು ಆಳು ರಾಟೆ ತಿರುವಿ ಡಬ್ಬಿಯನ್ನು ಹಗ್ಗದಿಂದ ಮೇಲಕ್ಕೆಳೆಯುತ್ತಿದ್ದರು. ಮೇಲೆ ಒಬ್ಬ ಕೀಲು ಕೀಳುತ್ತಿದ್ದ. ಇಷ್ಟೇ ಅದರ ಮರ್ಮ. ಹೋದ ಭಾನುವಾರವೂ ಹತ್ತಿ ಪ್ರೆಸ್ಸಿನ ಮೂವರು ಗೆಳೆಯರು, ಸುಂಕಪ್ಪ, ಜೋಗಪ್ಪ, ಎರ್ರಿಸ್ವಾಮಿ, ಇಲ್ಲಿಗೆ ಬಂದಿದ್ದರು. ಸುಂಕಪ್ಪ ಮೆಟ್ಟಿಲ ತನಕ ಹೋಗಿ, ಮೇಲಿನವನ ಕೈ ನೋಡಿ, ಹಿಂದಕ್ಕೆ ತಿರುಗಿ, ಸಾಲಿನಲ್ಲಿದ್ದವರ ಕಾಲ ಬುಡದಲ್ಲೇ ತಿಂದದ್ದೆಲ್ಲ ಕಕ್ಕಿಬಿಟ್ಟಿದ್ದ. ಯಾರದೋ ಹೊಸ ಕಿರ್‌ಕಿರಿ ಚಪ್ಪಲಿಯ ಮೇಲೆ ಬಿದ್ದು ದೊಡ್ಡ ರಂಪವಾಗಿತ್ತು. ಅದನ್ನು ಜೋಗಪ್ಪ ಸೋಮವಾರ ಹತ್ತಿ ಪ್ರೆಸ್ಸಿನಲ್ಲಿ ಎಲ್ಲರಿಗೂ ಕೈಬಾಯಿ ತಿರುವಿ ಅಭಿನಯಿಸಿ ತೋರಿಸಿದ. ಹತ್ತಿ ಆರಿಸುವ ಹೆಂಗಸರು ಆವತ್ತಿನಿಂದ ಇವನನ್ನು ಕಂಡರೆ ಸೆರಗು ಬಾಯಿಗಿಟ್ಟುಕೊಳ್ಳುತ್ತಿದ್ದರು. ಮೇಸ್ತ್ರಿ ಕೂಡ ಕೇಳಿದ, ಏನಪ್ಪಾ ನಿನಗೆ ಎತ್ತರ ಆಗಿಬರೋದಿಲ್ಲಂತಲ್ಲ, ಅದಕ್ಕೇ ಏನು ಮಾಳಿಗಿ ಕೆಲಸ ಒಲ್ಲೆ ಅಂದದ್ದು ಅಂತ. ಪ್ರೆಸ್ಸಿನ ಮಾಳಿಗೆಯಲ್ಲಿ ಹತ್ತಿಯನ್ನು ಗುಂಡಿಗೆ ಬಿಡುವ ಬಾಗಿಲೊಂದಿತ್ತು, ಅದನ್ನು ತೆರೆಯುವವನಿಗೆ ಪಗಾರ ಹೆಚ್ಚು. ಸುಂಕಪ್ಪ ಎರಡು ಸಲ ಒಲ್ಲೆ ಅಂದಿದ್ದ. ಕೆಳಗೆ ಕೂತು ಒತ್ತಿ ಕಟ್ಟಿದ ಹತ್ತಿ ಬೇಲುಗಳ ಮೇಲೆ ಮಸಿಯಿಂದ ಗುರುತು ಹೊಡೆಯುವ ಕೆಲಸವೇ ಅವನಿಗೆ ಸುಖ. ಹೊಡೆದ ಗುರುತು ಯಾರ ತಲೆ ಮೇಲೂ ಬೀಳುವುದಿಲ್ಲ.

"ಇವತ್ತು ಹೊಟ್ಟಿಗೆ ಏನೂ ಹಾಕ್ಕೊಂಡಿಲ್ಲ ಹೌದಲ್ಲೋ?" ಅಂದ ಜೋಗಪ್ಪ. ಮೂರು ಟಿಕೀಟು ತಾನೇ ತೆಗೆಸಿದ್ದ, ಹಂಗಾಗಿ ಮಾತಿಗೆ ಜೋರು ಬಂದಿತ್ತು. ಒಳ್ಳೆಯವನೇ. ಗೆಳೆಯನ ಹೆದರಿಕೆ ಬಿಡಿಸದೆ ಬಿಡುವುದಿಲ್ಲ ಅಂತ ಪಣ ತೊಟ್ಟಿದ್ದ. ಬಿಡಿಸುವಾಗ ನಾಲ್ಕು ಜನ ನಕ್ಕರೆ ಅದೂ ಇರಲಿ ಅನ್ನುವವ. ಎರ್ರಿಸ್ವಾಮಿ ಹಾಗಲ್ಲ. ಅವನು ಸುಂಕಪ್ಪನ ಬೆನ್ನ ಮೇಲೆ ಕೈಯಿಟ್ಟು, ಬ್ಯಾಡಾದರೆ ಬ್ಯಾಡ, ನಾನೂ ನಿನ್ನ ಸಂಗಾಟ ಕೆಳಗೇ ನಿಲ್ತೀನಿ, ಅಂದ. ಸುಂಕಪ್ಪ ಆ ಕೈಯ ಕೆಳಗಿಂದ ಒಂದು ಹೆಜ್ಜೆ ಮುಂದೆ ಸರಿದ. ಈ ಎರ್ರಿಸ್ವಾಮಿ ಕುರುಗೋಡಿನ ಬಡಗಿ ಜಡೆಪ್ಪನ ಮಗ. ಬಡಗಿಯ ಮಗ ಬಳ್ಳಾರಿಗೆ ಬಂದು ಹತ್ತಿ ಹೊರುವುದು ಯಾಕೆ ಅಂತ ಯಾರಾದರೂ ಕೇಳಿದರೆ, ನಮ್ಮ ಕಸುಬು ನಮ್ಮ ಮ್ಯಾಲೆ ಮುನಿಸ್ಕಂಡೈತಿ, ಅಂತ ನಗುತ್ತ ಹೇಳಿ ಮಾತು ತೇಲಿಸುತ್ತಿದ್ದ. ಎರಡು ವರ್ಷದ ಹಿಂದೆ ಪ್ರೆಸ್ಸಿಗೆ ಸೇರಿದ ಮೊದಲನೇ ದಿನವೇ ಸುಂಕಪ್ಪನನ್ನು ಗುರುತು ಹಿಡಿದು, ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಪಕ್ಕಕ್ಕೆ ಬಂದು ಕೂತು, ತಲೆ ತಗ್ಗಿಸಿ ಅಂದಿದ್ದ: "ನಮ್ಮಪ್ಪನ ಕೈ ತಪ್ಪಿಗಿ ನಿನ್ನ ಗೆಣಿಯ ಹೋದ. ನಮ್ಮ ಮ್ಯಾಲೆ ಸಿಟ್ಟು ಇಟ್ಕಾಬ್ಯಾಡ ಸುಂಕಪ್ಪ." ಸುಂಕಪ್ಪನ ಬಾಯಲ್ಲಿ ರೊಟ್ಟಿಯ ತುತ್ತಿತ್ತು. ಅದನ್ನು ನುಂಗಲಿಕ್ಕೂ ಆಗದೆ ಉಗುಳಲಿಕ್ಕೂ ಆಗದೆ, ಇಲ್ಲ ಇಲ್ಲ ಅಂತ ತಲೆಯಾಡಿಸಿದ. ಎರ್ರಿಸ್ವಾಮಿಯ ಕಣ್ಣು ತುಂಬಿದವು. ಎಂಥಾ ದೊಡ್ಡ ಮನಸ್ಸು ನಿಂದು ಅಂತ ಅವನು ತನ್ನ ಉಪ್ಪಿನಕಾಯಿ ಇವನ ರೊಟ್ಟಿಯ ಮೇಲೆ ಹಾಕಿದ. ಆವತ್ತಿನಿಂದ ದಿನಾ ಇಬ್ಬರೂ ಒಂದೇ ಕಡೆ ಉಣ್ಣುತ್ತಿದ್ದರು. ದಿನಾ ಸುಂಕಪ್ಪನಿಗೆ ಆ ಉಪ್ಪಿನಕಾಯಿ ತಿನ್ನಬೇಕಾಗುತ್ತಿತ್ತು.

ನಿನ್ನೆ ಶನಿವಾರ ಸಿರುಗುಪ್ಪದಿಂದ ಬಂದ ಒಬ್ಬ ಲಾರಿಯವನು ಎರ್ರಿಸ್ವಾಮಿಗೆ ಸುದ್ದಿ ತಂದಿದ್ದ. ಮುದುಕ ಅಪ್ಪ ಎರಡು ವಾರದಿಂದ ಸರಿಯಾಗಿ ಉಂಡಿಲ್ಲ, ಅಕ್ಕ ಸತ್ಯಮ್ಮ ಬಂದು ಹೋಗು ಅಂದಿದ್ದಾಳೆ. ಬೇಲುಗಳ ನೆರಳಿನಲ್ಲಿ ಕೂತು ಎರ್ರಿಸ್ವಾಮಿ ತನ್ನಪ್ಪನ ವಿಷಯ ಅಷ್ಟುದ್ದ ಮಾತಾಡಿದ್ದು ಅದೇ ಮೊದಲು. ಕುರುಗೋಡಿನಲ್ಲಿ ಸುಗ್ಗಿಗೆ ಬಡಗಿಗೆ ಅಳೆಯುವ ಆಯದ ಕಾಳು ಕೊಡುವುದನ್ನು ಬಿಟ್ಟರು, ನೇಗಿಲು ಮಾಡಿಸಲು ಕೂಡ ಯಾರೂ ಬರಲಿಲ್ಲ, ಹುಡುಗನನ್ನು ಕೊಂದ ಕೈ ಅಂದರು. ಊರು ಬಿಟ್ಟು ಸಿರುಗುಪ್ಪಕ್ಕೆ ಹೋದ ಮೇಲೆ ಕೆಲಸ ಹುಡುಕಿಕೊಂಡು ಬಂದವರಿಗೂ ಅಪ್ಪನೇ ಒಲ್ಲೆ ಅಂದ. ಒಂದು ತೊಟ್ಟಿಲು ಸಹ ಮಾಡಲಿಲ್ಲ. ಮನೆಯಲ್ಲಿ ಕೂತಲ್ಲೇ ಕೈಗೆ ಸಿಕ್ಕ ಕಟ್ಟಿಗೆಯನ್ನೆಲ್ಲ ಬೆರಳ ಗೆಣ್ಣಿನಿಂದ ಮೂರು ಸಲ ಕುಟ್ಟಿ ಕಿವಿಗೊಡುತ್ತಾನೆ, ಬಾಗಿಲು, ಮಂಚದ ಕಾಲು, ಒಳ್ಳಿನ ಒನಕೆ, ಎಲ್ಲಾ. ಎಲ್ಲಿ ಸೀಳಿತ್ತು, ನನಗೆ ಯಾಕೆ ಕೇಳಿಸಲಿಲ್ಲ ಅಂತ ಇವತ್ತಿಗೂ ಕೇಳುತ್ತಾನೆ. "ಅದನ್ನ ಕೇಳಿಕ್ಯಂತ ಸಾಯ್ತಾನ ಅನ್ನಿಸ್ತೈತಿ ನನಗ," ಅಂದ ಎರ್ರಿಸ್ವಾಮಿ. ಸೋಮವಾರ ಮುಂಜಾನೆ ಬಸ್ಸಿಗೆ ಹೋಗುವುದಾಗಿ ಹೇಳಿ, ಭಾನುವಾರ ನಿನ್ನನ್ನು ಗಾಳಿ ರೈಲು ಹತ್ತಿಸಿಯೇ ಹೋಗುತ್ತೇನೆ ಅಂತ ನಕ್ಕ. ತನ್ನ ದುಃಖದ ನಡುವೆಯೂ ಅವನಿಗೆ ಇವನ ಹೆದರಿಕೆಯ ನೆನಪಿತ್ತು. ಸುಂಕಪ್ಪ ರಾತ್ರಿಯಿಡೀ ಟ್ರಂಕಿನ ಕಡೆ ಮುಖ ಮಾಡಿ ಮಲಗಿದ್ದ.

ಸಾಲು ಮುಂದಕ್ಕೆ ಸರಿಯಿತು. ಟಿಕೀಟಿನ ಡೇರೆಯ ಮೇಲೆ ಕಟ್ಟಿದ್ದ ಕಹಳೆಯಲ್ಲಿ ಗ್ರಾಮಫೋನಿನ ಹಾಡು ಬರುತ್ತಿತ್ತು, ಯಾವುದೋ ತೆಲುಗು ಹಾಡು, ಎಳೆದೆಳೆದು ಹಾಡಿ ಕೊನೆಗೆ ಒಂದು ಕಡೆ ನಿಂತಿತು. ನಿಂತ ಕೂಡಲೆ ಸುಂಕಪ್ಪನ ಬಲಗೈ ಜೇಬಿನೊಳಗೆ ಥಟ್ಟನೆ ತಿರುವಿ ಎಳೆಯಿತು. ಹಾಡು ಮುಗಿದಾಗಲೆಲ್ಲ ಹೀಗೆಯೇ. ಭಜನೆಯಲ್ಲಿ ಕೂತರೂ ಹೀಗೆಯೇ, ಅದಕ್ಕೇ ಭಜನೆಗೆ ಹೋಗುವುದನ್ನು ಬಿಟ್ಟಿದ್ದ. ಕೂಸಿಗೆ ಜೋಗುಳ ಹಾಡುವ ಮನೆಯ ಮುಂದೆ ಹಾಯುವಾಗ ಕೈ ಕಟ್ಟಿಕೊಂಡು ಬೇಗ ಬೇಗ ನಡೆಯುತ್ತಿದ್ದ. ಎತ್ತು ಕಟ್ಟಿ ಬಾವಿಯಿಂದ ನೀರೆತ್ತುವ ಕಪಿಲೆ ಹೊಡೆಯುವವನಿಗೆ ಹಾಡು ಇಲ್ಲದೆ ಆಗುವುದಿಲ್ಲ. ಎತ್ತು ಇಳಿಜಾರಿನಲ್ಲಿ ಇಳಿಯುತ್ತ ಹೋದ ಹಾಗೆ ಹಿಂದೆ ಬಾವಿಯಿಂದ ನೀರು ತುಂಬಿದ ಬಾನಿ ಏರುತ್ತದೆ, ಹೊಡೆಯುವವನು ಅದನ್ನೆಳೆಯುವ ಮಿಣಿ ಹಗ್ಗದ ಮೇಲೆ ಭಾರ ಹಾಕಿ ಕೂತು ಒಂದು ನುಡಿ ಹಾಡುತ್ತಾನೆ. ಎತ್ತಿನ ಹೆಜ್ಜೆಗೂ ನುಡಿಗೂ ಲೆಕ್ಕ ಸರಿಯಾಗಿ, ನುಡಿ ಮುಗಿಯುವುದಕ್ಕೂ ಇಳಿಜಾರು ಮುಗಿಯುವುದಕ್ಕೂ ಮೇಲೆ ಬಾನಿಯ ನೀರು ತೊಟ್ಟಿಗೆ ಸುರಿಯುವುದಕ್ಕೂ ಒಂದೇ ಆಗುತ್ತದೆ. ಆಗ ಕೆಳಗೆ ಇಳಿದು ನೊಗದ ಕೀಲು ಕಿತ್ತರೆ ಮಿಣಿ ಬಿಚ್ಚಿಕೊಳ್ಳುತ್ತದೆ, ಖಾಲಿ ಬಾನಿ ತನ್ನ ಭಾರಕ್ಕೆ ತಾನೇ ಬಾವಿಗೆ ಬೀಳುತ್ತದೆ, ಎತ್ತು ಹಗುರಾಗಿ ತಿರುಗಿ ಮೇಲೆ ಹತ್ತುತ್ತವೆ. ಬೇರೆ ಊರುಗಳಲ್ಲಿ ಎತ್ತನ್ನು ಹಿಂದುಹಿಂದಕ್ಕೆ ನಡೆಸುತ್ತಾರಂತೆ. ಸುಂಕಪ್ಪನ ಅಪ್ಪನ ಹೊಲದಲ್ಲಿ ಎತ್ತಿನ ಕುತ್ತಿಗೆ ಉಳಿಯಲಿ ಅಂತ ಕೀಲು ಕೀಳುವ ಪದ್ಧತಿ. ದಿನಕ್ಕೆ ನೂರು ಸಲ ಇಳಿಯುವುದು, ನೂರು ಸಲ ಹಾಡುವುದು, ನೂರು ಸಲ ಕೀಳುವುದು. ಹನ್ನೆರಡನೇ ವಯಸ್ಸಿನಿಂದ ಹದಿನೇಳರ ತನಕ ಅವನು ಮಾಡಿದ್ದು ಅದೊಂದೇ ಕೆಲಸ. ಕೊನೆಕೊನೆಗೆ ನುಡಿ ಮುಗಿಯುವುದೇ ತಡ, ಕೈ ಕೇಳದೆ ಕೀಳುತ್ತಿತ್ತು.

ಚಿನ್ನಪ್ಪ ಪಕ್ಕದ ಹೊಲದ ಹಂಪಮ್ಮನ ಮಗ, ಒಬ್ಬನೇ ಮಗ, ಇವನ ಓರಗೆಯವನು, ಗೆಣಿಯ. ಹನ್ನೊಂದು ವರ್ಷದ ಹಿಂದೆ, ಯುಗಾದಿಯಾಗಿ ಆರೇಳು ದಿನ, ಬಿಸಿಲು ಕುರುಗೋಡಿನ ಗುಡ್ಡಕ್ಕೆ ಬಡಿದು ಹೊಲದ ಮೇಲೆ ವಾಪಸು ಬೀಳುತ್ತಿತ್ತು. ಬಾವಿಯಲ್ಲಿ ನೀರು ಒಂದು ಮೂಲೆಗೆ ಸರಿದು ಉಳಿದ ಕಡೆಯೆಲ್ಲ ಬಂಡೆ ಕಾಣುತ್ತಿತ್ತು. ಚಿನ್ನಪ್ಪ ಮೆಟ್ಟಿಲಿಳಿದು ಹೋಗಿ ತಲೆಗೆ ನೀರು ಹಾಕಿಕೊಂಡ. ಮೇಲೆ ಬರುವುದಕ್ಕೆ ಮೆಟ್ಟಿಲು ಯಾರು ಹತ್ತಬೇಕು ಅಂತ ಬಾನಿಯ ಕಬ್ಬಿಣದ ಬಳೆಯ ಮೇಲೆ ಕಾಲಿಟ್ಟು ಮಿಣಿ ಹಿಡಿದು ನಿಂತು, ಹೊಡಿಯಲೇ ಸುಂಕ, ಅಂತ ಕೂಗಿದ. ಇದೇನೂ ಹೊಸದಲ್ಲ. ಅವನಿಗೆ ಹೊಟ್ಟೆಯಲ್ಲಿ ಜುಮ್ ಅನ್ನುವ ಆ ಸುಖ ಬೇಕು. ಎಷ್ಟೋ ಸಲ ಇಬ್ಬರೂ ಸರದಿಯ ಮೇಲೆ ಹಾಗೆ ಏರಿ ಬಂದಿದ್ದರು. ಬಾವಿಯ ಬಾಯಿಗೆ ಬಂದ ಮೇಲೆ ಹಾಸುಗಲ್ಲಿನ ಮೇಲೆ ಕಾಲಿಟ್ಟು, ಬಂದೆ, ಅನ್ನಬೇಕು. ಬಂದೆ ಅಂದ ಮೇಲೆ ಕೀಲು ಕೀಳಬೇಕು. ಅಷ್ಟೇ ಅವರ ಕರಾರು. ಸುಂಕಪ್ಪ ಎತ್ತು ಹೊಡೆದ, ಚಿನ್ನಪ್ಪನ ಭಾರಕ್ಕೆ ಅವು ದಿನಕ್ಕಿಂತ ನಿಧಾನ ಇಳಿದವು. ಮಿಣಿಯ ಮೇಲೆ ಕೂತು ಹಾಡಿದ. ಆವತ್ತು ಗಂಟಲು ಚೆನ್ನಾಗಿತ್ತು, ಅದು ಅವನಿಗೆ ಈಗಲೂ ನೆನಪಿದೆ. ನುಡಿಯ ಕೊನೆಯನ್ನು ಚಿನ್ನಪ್ಪನಿಗೂ ಕೇಳಲಿ ಅಂತ ಮೇಲಕ್ಕೆತ್ತಿ ಬಿಟ್ಟ. ನುಡಿ ಮುಗಿಯಿತು. ಕೆಳಗಿಳಿದ. ಕೈ ಕೀಲಿಗೆ ಹೋಯಿತು. ನೀರು ಸುರಿದ ಸದ್ದಿಲ್ಲ, ಬಂದೆ ಅಂದ ಸದ್ದಿಲ್ಲ ಅಂತ ತಲೆಗೆ ಹೊಳೆಯುವ ಹೊತ್ತಿಗೆ ಮಿಣಿ ಅವನ ತೊಡೆ ಸವರಿಕೊಂಡು ಇಳಿಜಾರಿನ ಮೇಲೆ ಹಾವಿನ ಹಾಗೆ ಓಡುತ್ತಿತ್ತು. ಗಾಲಿ ಕಿರ್ರಂದಿತು. ಎತ್ತುಗಳು ದಿನದ ಹಾಗೆ ತಾವೇ ತಿರುಗಿ ಮೇಲೆ ಹತ್ತಲಿಕ್ಕೆ ಹತ್ತಿದವು.

ಜನ ಸೇರಿದರು. ಚಿನ್ನಪ್ಪನ ಹೆಣ ಮೇಲಕ್ಕೆ ತಂದರು. ಹಂಪಮ್ಮ ಕಡಲೆ ಕೀಳುತ್ತಿದ್ದವಳು ಹಾಗೇ ಮಣ್ಣಿನ ಕೈಯಲ್ಲಿ ಓಡಿ ಬಂದು, ಆ ಮಣ್ಣನ್ನು ಮಗನ ಮುಖಕ್ಕೆಲ್ಲ ಮೆತ್ತಿದಳು. ಯಾರೋ ನೊಗ ನೋಡಿದರು, ಕೀಲಿಲ್ಲ. ಇಳಿಜಾರಿನ ಮೇಲೆ ಹುಡುಕಿದರು, ಇಲ್ಲ. ಕೀಲು ಸುಂಕಪ್ಪನ ಟೊಂಕದಲ್ಲಿ, ಧೋತರದ ಮಡಿಕೆಯಲ್ಲಿತ್ತು. ಕಿತ್ತ ಕೀಲನ್ನು ಟೊಂಕಕ್ಕೆ ಸಿಗಿಸಿಕೊಳ್ಳುವುದೂ ಕೈಯ ರೂಢಿಯೇ, ಅದನ್ನೂ ಅವನು ಬೇಕಂತ ಮಾಡಲಿಲ್ಲ. ಅದರ ಮೊಂಡು ತುದಿ ಹೊಟ್ಟೆಗೆ ಒತ್ತುತ್ತಿತ್ತು. ಯಾರೋ ಹಿರಿಯರು ಅಂದರು, ಕೀಲು ಮುರಿದಿರಬೇಕು, ತುಂಡು ಬಾವಿಗೆ ಬಿದ್ದಿರಬೇಕು, ಯುಗಾದಿಗೆ ತಾನೇ ಹೊಸದು ಮಾಡಿಕೊಟ್ಟಿದ್ದ ಜಡೆಪ್ಪ, ಹಸಿ ಕಟ್ಟಿಗೆಯದು ಮಾಡಿದನೋ ಏನೋ. ಅಪ್ಪ ಇವನ ಮುಖ ನೋಡಿ ಕೇಳಿದ: "ಮುರೀತೇನಲೇ?" ಸುಂಕಪ್ಪ ಹೂಂ ಅಂದ. ಅಷ್ಟೇ ಅವನು ಮಾಡಿದ್ದು. ಕಥೆ ಕಟ್ಟಲಿಲ್ಲ, ಆಣೆ ಮಾಡಲಿಲ್ಲ, ಜಡೆಪ್ಪನ ಹೆಸರು ಬಾಯಲ್ಲಿ ತರಲಿಲ್ಲ. ಬೇರೆಯವರು ಆಡಿದ ಮಾತಿಗೆ ಒಂದು ಹೂಂ. ಎಷ್ಟೋ ಸಲ ಅವನು ತನ್ನೊಳಗೆ ವಾದ ಹೂಡಿದ್ದಾನೆ, ಒಂದು ಹೂಂಗೆ ಎಷ್ಟು ತೂಕ, ಅಂತ. ಆ ಸಂಜೆ ಜಡೆಪ್ಪ ಬಂದು ಗುಂಪಿನ ಹಿಂದೆ ನಿಂತಿದ್ದ. ಯಾರೋ ಅವನ ಮುಖಕ್ಕೆ ಉಗಿದರು. ಅವನು ಒರೆಸಿಕೊಳ್ಳದೆ, ಸೀಳು ಎಲ್ಲಿತ್ತು, ಒಂದು ಚೂರು ತೋರಿಸ್ರಿ, ಅಂತ ಕೇಳುತ್ತಿದ್ದ. ತೋರಿಸಲಿಕ್ಕೆ ಚೂರಿರಲಿಲ್ಲ.

"ಏರಪ್ಪಾ ಸರದಾರ," ಅಂದ ಜೋಗಪ್ಪ. ಅವರ ಸರದಿ ಬಂದಿತ್ತು. ಹಿಂದೆ ನಿಂತ ಪ್ರೆಸ್ಸಿನ ಇಬ್ಬರು ಗುರುತು ಹಿಡಿದು, ಚಪ್ಪಲಿ ಜ್ವಾಕಿ ಅಂತ ಒಬ್ಬರಿಗೊಬ್ಬರು ಹೇಳಿಕೊಂಡರು. ಸುಂಕಪ್ಪನ ಕಿವಿಗಳು ಬಿಸಿಯಾದವು. ಆ ಹೊತ್ತಿಗೆ, ಎದೆಯೊಳಗೆ ಅಷ್ಟೆಲ್ಲ ಇದ್ದಾಗಲೂ, ನಾಚಿಕೆಯಾದದ್ದು ಹೋದ ವಾರ ಕಕ್ಕಿದ್ದಕ್ಕೇ! ಮನುಷ್ಯನ ಮನಸ್ಸಿನ ಹಣೆಬರಹವೇ ಇಷ್ಟು ಅಂದುಕೊಂಡು ಅವನು ಡಬ್ಬಿಯಲ್ಲಿ ಕಾಲಿಟ್ಟ. ಜೋಗಪ್ಪ ಯಾರೋ ಗಾಂಧಿನಗರದ ಹೋಟೆಲ್ಲಿನವನ ಪಕ್ಕದಲ್ಲಿ ಮುಂದೆ ಕೂತ. ಸುಂಕಪ್ಪ, ಎರ್ರಿಸ್ವಾಮಿ ಹಿಂದೆ. ಅಡ್ಡಕ್ಕೆ ಒಂದು ಸರಳು ಹಾಕಿದರು. ರಾಟೆ ತಿರುಗಿತು, ಹಗ್ಗ ಬಿಗಿಯಾಯಿತು, ಡಬ್ಬಿ ಬೆನ್ನ ಮೇಲೆ ಮಲಗಿದಂತೆ ಏರತೊಡಗಿತು. ರಾಟೆಯ ಆಳುಗಳು ಐಲೇಸಾ ಅನ್ನುವುದಕ್ಕೆ ಸಣ್ಣ ಧಾಟಿಯಿತ್ತು. ಮುಂದೆ ಜೋಗಪ್ಪನ ಬೋಳು ಹಿಂದಲೆಯ ಮೇಲೆ ಬೆವರ ಹನಿ ಕಂಡವು, ಆಹಾ, ಇವನಿಗೂ ಹೆದರಿಕೆಯೇ, ಅದಕ್ಕೇ ಅಷ್ಟು ಮಾತು. ಕೆಳಗೆ ಬಯಲು, ಡೇರೆಗಳು, ಚುನಾವಣೆಯ ಚೀಟಿ ಇನ್ನೂ ಅಂಟಿಕೊಂಡಿದ್ದ ಗೋಡೆಗಳು, ದೂರಕ್ಕೆ ಕೋಟೆಗುಡ್ಡದ ಬಂಡೆ. ಮೇಲಕ್ಕೆ ಹೋದಷ್ಟೂ ಸುಂಕಪ್ಪನಿಗೆ ವಿಚಿತ್ರವಾಗಿ ತೋಚಿತು: ಚಿನ್ನಪ್ಪ ಹೀಗೆಯೇ ಏರಿದ್ದ. ಬಾವಿಯ ತಂಪಿನಿಂದ ಬಿಸಿಲಿಗೆ, ಮಿಣಿ ಹಿಡಿದುಕೊಂಡು, ಹೊರಗಿನಿಂದ ಬರುವ ಹಾಡು ಕೇಳುತ್ತ. ಕೊನೆಗೆ ಅವನ ಕಣ್ಣಿಗೆ ಬಿದ್ದದ್ದು ಬಾವಿಯ ಬಾಯಿಯ ಬೆಳಕಿರಬೇಕು, ಇಲ್ಲ ಹಾಸುಗಲ್ಲಿರಬೇಕು, ಇನ್ನೇನು ಕಾಲಿಡಬೇಕು. ಸುಂಕ ಅಲ್ಲಿದ್ದಾನೆ ಅನ್ನುವ ನಂಬಿಕೆಯಿತ್ತಲ್ಲ ಅವನಿಗೆ. ಆ ದಿನವನ್ನು ನೆನೆದಾಗಲೆಲ್ಲ ಸುಂಕಪ್ಪ ಮನಸ್ಸಿನಲ್ಲಿ ಇಳಿಜಾರಿನ ತುದಿಯಲ್ಲೇ ನಿಂತಿದ್ದ, ಚಿನ್ನಪ್ಪನ ಜಾಗದಲ್ಲಿ ಬಾನಿಯ ಮೇಲೆ ಒಂದು ಸಲವೂ ನಿಂತು ನೋಡಿರಲಿಲ್ಲ.

ಡಬ್ಬಿ ಮೇಲೆ ಬಂದು ಕೊಂಡಿಗೆ ಸಿಕ್ಕಿ ಗಟ್ಟಿಯಾಗಿ ನಿಂತಿತು. ಕೆಳಗೆ ಗಂಟೆ ಬಾರಿಸುವ ತನಕ ಕೀಲು ಕೀಳುವ ಹಾಗಿಲ್ಲ. ಖಾಕಿ ಚಡ್ಡಿಯವನು ಎಡಗೈಯಲ್ಲಿ ಬೀಡಿ ಹಿಡಿದು, ಬಲಗೈಯನ್ನು ಕೀಲಿನ ಮೇಲಿಟ್ಟುಕೊಂಡು, ಬೇರೆಲ್ಲೋ ನೋಡುತ್ತಿದ್ದ. ಆ ಕೈಯನ್ನು ಸುಂಕಪ್ಪ ಇಷ್ಟು ಹತ್ತಿರದಿಂದ ನೋಡಿದ. ಕೆಟ್ಟ ಕೈಯಲ್ಲ, ಉಗುರಿನಲ್ಲಿ ಎಣ್ಣೆ ಮಣ್ಣು, ಕೆಲಸ ಮಾಡುವವನ ಕೈ. ಅದಕ್ಕೆ ಯಾರು ಒಳಗೆ ಕೂತಿದ್ದಾರೆ ಅನ್ನುವುದೇ ಗೊತ್ತಿಲ್ಲ. ಗಾಳಿ ಜೋರಾಗಿತ್ತು, ಜೋಗಪ್ಪ ಕೆಳಗಿನ ಯಾರಿಗೋ ಕೈಬೀಸಿ ಕೂಗುತ್ತಿದ್ದ. ಎರ್ರಿಸ್ವಾಮಿ ಪಕ್ಕಕ್ಕೆ ತಿರುಗಿ, ಕಣ್ಣು ಮುಚ್ಚು, ನನ್ನ ಕೈ ಹಿಡಕೋ, ಅಂತ ಅಂಗೈ ಚಾಚಿದ. ಸುಂಕಪ್ಪ ಜೇಬಿನಿಂದ ಕೀಲು ತೆಗೆದು ಆ ಅಂಗೈಯೊಳಗಿಟ್ಟ.

ಎರ್ರಿಸ್ವಾಮಿ ಮೊದಲು ನಗುತ್ತಲೇ ನೋಡಿದ. ಬಡಗಿಯ ಮಗ. ಬೆರಳು ತಾನಾಗಿ ಕೀಲಿನ ತಲೆಗೆ ಹೋಗಿ ಅಲ್ಲಿ ಕೊರೆದಿದ್ದ ಮೂರು ಗೀರು ಸವರಿತು. ನಗು ಹಾಗೇ ಮುಖದ ಮೇಲೆ ಒಣಗಿತು.

"ಅಪ್ಪನ ಗುರ್ತು," ಅಂದ. "ಇದು ಎಲ್ಲಿ ಸಿಕ್ತು ನಿಂಗ?"

"ಮುರಿದಿರಲಿಲ್ಲ ಎರ್ರಿಸ್ವಾಮಿ. ನಾನೇ ಕಿತ್ತಿದ್ದೆ. ಹಾಡು ಮುಗೀತು, ಕಿತ್ತೆ. ಆ ಮ್ಯಾಲೆ ಹೇಳಲಿಲ್ಲ."

ಗಂಟೆ ಬಾರಿಸಿತು. ಖಾಕಿ ಚಡ್ಡಿಯವನು ಬೀಡಿ ತುಟಿಗಿಟ್ಟುಕೊಂಡು ಬಗ್ಗಿದ. ಡಬ್ಬಿ ಒಂದು ಗಳಿಗೆ ನಿಂತಿತು, ಆ ಗಳಿಗೆಯಲ್ಲಿ ಎರ್ರಿಸ್ವಾಮಿ ಅವನನ್ನು ನೋಡುತ್ತಲೇ ಇದ್ದ. ಆಮೇಲೆ ಭೂಮಿ ಕಾಲ ಕೆಳಗಿಂದ ಹೋಯಿತು. ಕಿವಿಯಲ್ಲಿ ಆ ಬಾವಿಯ ಗಾಲಿ ಕಿರ್ರಂದಿತು. ಸುಂಕಪ್ಪ ಕಣ್ಣು ಮುಚ್ಚಲಿಲ್ಲ. ಚಿನ್ನಪ್ಪನಿಗೆ ಇಷ್ಟೇ ಹೊತ್ತು ಸಿಕ್ಕಿರಬೇಕು, ಇಷ್ಟರಲ್ಲಿ ಅವನು ಏನಂದುಕೊಂಡ, ಸುಂಕ ಮರೆತ ಅಂದುಕೊಂಡನೋ, ಸುಂಕ ಆಟ ಆಡ್ತಾನೆ ಅಂದುಕೊಂಡನೋ. ಮುಂದೆ ಜೋಗಪ್ಪ ಅವ್ವಾ ಅವ್ವಾ ಅಂತ ಹುಯ್ಯಲಿಡುತ್ತಿದ್ದ. ಮೊದಲ ದಿಬ್ಬ ಹತ್ತುವಾಗ ಜೀವ ವಾಪಸು ಬಂದು, ಇಳಿಯುವಾಗ ಮತ್ತೆ ಹೋಯಿತು. ತನ್ನ ಕೈ ಖಾಲಿಯಾಗಿದೆ, ಹಿಡಿಯಲು ಏನೂ ಇಲ್ಲ, ಎರ್ರಿಸ್ವಾಮಿಯ ಕೈ ಎಲ್ಲೂ ಇಲ್ಲ ಅನ್ನುವುದು ಅವನಿಗೆ ಗೊತ್ತಾದದ್ದು ಡಬ್ಬಿ ನಿಂತ ಮೇಲೆ.

ಕೆಳಗಿಳಿದಾಗ ಪ್ರೆಸ್ಸಿನವರು ಚಪ್ಪಾಳೆ ಹೊಡೆದರು. ಕಕ್ಕಲಿಲ್ಲವಲ್ಲ, ಗೆದ್ದನಲ್ಲ ಸುಂಕಪ್ಪ, ಅಂತ ಜೋಗಪ್ಪ ಅವನನ್ನು ತಬ್ಬಿ ಎತ್ತಿದ. ಎಲ್ಲರಿಗೂ ಚಹಾ ಕುಡಿಸುತ್ತೇನೆ ಅಂದ. ಎರ್ರಿಸ್ವಾಮಿ ಜನದ ನಡುವೆ ಹಾದು ಡೇರೆಗಳ ಹಿಂದೆ, ಮುರಿದ ಬೇಲಿಯ ತಂತಿ ಇರುವ ಕಡೆ ಹೋಗಿ ನಿಂತಿದ್ದ. ಸುಂಕಪ್ಪ ಹೋಗಿ ಹತ್ತು ಹೆಜ್ಜೆ ದೂರದಲ್ಲಿ ನಿಂತ. ಹೊಡೆಯಲಿ ಅಂತ ಕಾದ. ಹೊಡೆದಿದ್ದರೆ ಎಷ್ಟು ಚೆನ್ನಾಗಿತ್ತು. ಎರ್ರಿಸ್ವಾಮಿ ಕೀಲನ್ನು ಬೆಳಕಿಗೆ ಹಿಡಿದು ತಿರುವಿ ತಿರುವಿ ನೋಡುತ್ತಿದ್ದ. ಎರಡು ವರ್ಷ ಒಂದೇ ಕಡೆ ಉಂಡೆವಲ್ಲ, ಅಂದ, ಅದನ್ನು ಕೀಲಿಗೇ ಹೇಳಿದ ಹಾಗೆ. ಕೊನೆಗೆ ಎರ್ರಿಸ್ವಾಮಿ ಹತ್ತಿರ ಬಂದು, ಕೀಲನ್ನು ಅವನ ಜೇಬಿಗೆ ಹಾಕಿದ.

"ನನಗ್ಯಾಕ ಹೇಳ್ತಿ?" ಅಂದ. "ಸಿರುಗುಪ್ಪಿ ಬಸ್ಸು ಮುಂಜಾನಿ ಆರಕ್ಕ ಐತಿ."

ಮರುದಿನ ಬಸ್ಸಿನಲ್ಲಿ ಎರ್ರಿಸ್ವಾಮಿ ಡ್ರೈವರನ ಹಿಂದೆ ಕೂತ, ಸುಂಕಪ್ಪ ಕೊನೆಯ ಸೀಟಿನಲ್ಲಿ, ಕೋಳಿ ಬುಟ್ಟಿಗಳ ಪಕ್ಕ. ಮೋಕದಲ್ಲಿ ಬಸ್ಸು ಅರ್ಧ ತಾಸು ನಿಂತಿತು, ಎರ್ರಿಸ್ವಾಮಿ ಇಳಿದು ಒಂದೇ ಒಂದು ಚಹಾ ತೆಗೆದುಕೊಂಡು ಕುಡಿದು ಹತ್ತಿದ. ಇಷ್ಟು ದಿನ ಅವನು ಒಂದು ಚಹಾ ತಂದವನೇ ಅಲ್ಲ, ಎರಡೇ ತರುತ್ತಿದ್ದ. ಪಕ್ಕದವರು ಬಳ್ಳಾರಿ ಆಂಧ್ರಕ್ಕೆ ಹೋಗುತ್ತದೋ ಮೈಸೂರಿಗೆ ಹೋಗುತ್ತದೋ ಅಂತ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಜಗಳಾಡುತ್ತಿದ್ದರು, ನೀವೇನಂತೀರಿ ಅಂತ ಇವನನ್ನೂ ಕೇಳಿದರು. ಸುಂಕಪ್ಪ ಅಭ್ಯಾಸಬಲದಿಂದ ಹೂಂ ಅಂದ. ಅಂದದ್ದು ಕಿವಿಗೆ ಬಿದ್ದು ಗಾಬರಿಯಾಗಿ, ಇಲ್ಲ, ನನಗೆ ಗೊತ್ತಿಲ್ಲ, ಅಂದ. ಅವರು ಇವನನ್ನು ತಿಕ್ಕಲು ಅಂದುಕೊಂಡು ಸುಮ್ಮನಾದರು. ಹೊರಗೆ ಎರೆಭೂಮಿ ಸಪಾಟಾಗಿ ಹರಡಿಕೊಂಡಿತ್ತು, ಎಲ್ಲೂ ಏರಿಲ್ಲ, ಇಳಿತವಿಲ್ಲ.

ಜಡೆಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಕಂಬಕ್ಕೆ ಒರಗಿ ಕೂತಿದ್ದ. ಅಷ್ಟು ದೊಡ್ಡ ಆಳು ಇಷ್ಟು ಸಣ್ಣವನಾಗಬಹುದು ಅಂತ ಸುಂಕಪ್ಪ ಎಣಿಸಿರಲಿಲ್ಲ. ಮುಂಗೈ ಮಾತ್ರ ಹಾಗೇ ಅಗಲವಾಗಿದ್ದವು, ತೊಡೆಯ ಮೇಲೆ ಬೇರೆ ಯಾರದೋ ಸಾಮಾನಿನ ಹಾಗೆ ಬಿದ್ದಿದ್ದವು. ಎರ್ರಿಸ್ವಾಮಿ ಅಪ್ಪನ ಕಾಲು ಮುಟ್ಟಿ, ಕುರುಗೋಡಿನ ಸುಂಕಪ್ಪ ಬಂದಾನ, ಅಂದು ಒಳಗೆ ಹೋದ. ಬಿಟ್ಟೇ ಹೋದ. ಸತ್ಯಮ್ಮ ಒಳಗಿನಿಂದ ನೀರಿನ ತಂಬಿಗೆ ತಂದಿಟ್ಟು, ಸಣ್ಣಾವಿದ್ದಾಗ ನೋಡಿದ್ದೆ, ಎಷ್ಟು ಬಡವಾಗೀಯಲ್ಲಪ್ಪ, ಅಂದಳು. ಸುಂಕಪ್ಪ ನೀರು ಮುಟ್ಟಲಿಲ್ಲ. ಮೊದಲು ಹೇಳಬೇಕು, ನೀರು ಕುಡಿದು ಹೇಳುವುದು ಇನ್ನೊಂದು ಮೋಸ. ಕೀಲನ್ನು ಕಟ್ಟೆಯ ಮೇಲೆ ಮುದುಕನ ಮುಂದಿಟ್ಟು ಎಲ್ಲ ಹೇಳಿದ. ನೆಲ ನೋಡುತ್ತ ಹೇಳಿದ. ಹೇಳಿ ಮುಗಿದಾಗ, ಹನ್ನೊಂದು ವರ್ಷ ಹೊತ್ತದ್ದು ಇಷ್ಟೇ ಮಾತಿನದೇ ಅಂತ ಅವನಿಗೇ ಅವಮಾನವೆನಿಸಿತು. ಒಂದು ವೀಳ್ಯ ಮಡಿಚಿ ಬಾಯಿಗೆ ಹಾಕುವಷ್ಟು ಹೊತ್ತು ಹಿಡಿದಿರಲಿಲ್ಲ.

ಜಡೆಪ್ಪ ಇವನ ಕಡೆ ನೋಡಲಿಲ್ಲ. ಕೀಲು ಎತ್ತಿಕೊಂಡ. ಹೆಬ್ಬೆರಳಿನಿಂದ ತಲೆಯಿಂದ ತುದಿಯ ತನಕ ಒಂದು ಸಲ ಸವರಿದ, ತಿರುವಿ ಇನ್ನೊಂದು ಸಲ. ಮೂಸಿ ನೋಡಿದ. ಆಮೇಲೆ ಕಟ್ಟೆಯ ಕಲ್ಲಿಗೆ ಅದನ್ನು ಮೂರು ಸಲ ಕುಟ್ಟಿ, ತಲೆ ಓರೆ ಮಾಡಿ ಕಿವಿಗೊಟ್ಟ. ಕೀಲು ಖಣ್ ಖಣ್ ಅಂದಿತು. ಒಳಗೆ ಸತ್ಯಮ್ಮನ ಪಾತ್ರೆ ಸದ್ದು ನಿಂತಿತ್ತು.

"ಸೀಳಿಲ್ಲ," ಅಂದ ಮುದುಕ.

"ಇಲ್ರಿ."

"ಒಣಾ ಜಾಲಿ ಇದು. ಮೂರು ವರ್ಷ ಮನ್ಯಾಗ ಒಣಗಿಸಿದ್ದು. ಹಸೀದು ಅಂದ್ರು." ಆಮೇಲೆ ಮೊದಲ ಸಲ ಸುಂಕಪ್ಪನ ಮುಖ ನೋಡಿದ. ಕಣ್ಣಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಇವನು ಅದನ್ನು ಹಿಡಿದುಕೊಂಡು ನಿಲ್ಲುತ್ತಿದ್ದ. "ಹಂಪಮ್ಮಗ ಹೇಳಿದೇನು?"

ಸುಂಕಪ್ಪ ಇಲ್ಲ ಅಂತ ತಲೆಯಾಡಿಸಿದ. ಹಂಪಮ್ಮ ಇವತ್ತಿಗೂ ಹಬ್ಬಕ್ಕೆ ಸುಂಕಪ್ಪನ ಅಪ್ಪನ ಮನೆಗೆ ಹೋಳಿಗೆ ಕಳಿಸುತ್ತಿದ್ದಳು, ನನ್ನ ಮಗನ ಗೆಣಿಯ, ಅಂತ. ಊರಿಗೆ ಹೋದಾಗ ಅವಳು ಅವನ ಕೆನ್ನೆ ಸವರಿ ಲಟಿಗೆ ಮುರಿಯುತ್ತಿದ್ದಳು.

"ಹಂಗಾದ್ರ ಇದು ನನ್ನ ಹತ್ರ ಯಾಕ," ಅಂದ ಜಡೆಪ್ಪ. "ಒಯ್ದು ಅಕೀಗಿ ತೋರಸು." ಕೀಲನ್ನು ಸುಂಕಪ್ಪನ ಅಂಗೈಯಲ್ಲಿಟ್ಟು, ಅವನ ಬೆರಳುಗಳನ್ನು ಒಂದೊಂದಾಗಿ ಮಡಿಚಿದ.

ಸುಂಕಪ್ಪ ಎದ್ದ. ಉಂಡು ಹೋಗು ಅಂತ ಯಾರೂ ಅನ್ನಲಿಲ್ಲ. ಕುರುಗೋಡಿನ ಬಸ್ಸು ಎಷ್ಟೊತ್ತಿಗೆ ಅಂತ ಕೇಳಲು ಎರ್ರಿಸ್ವಾಮಿಗಾಗಿ ಬಾಗಿಲ ಕಡೆ ನೋಡಿದ. ಅವನು ಹೊರಗೆ ಬರಲಿಲ್ಲ. ಓಣಿಯಲ್ಲಿ ನಾಲ್ಕು ಹೆಜ್ಜೆ ಹಾಕಿದ್ದ, ಹಿಂದೆ ಜಡೆಪ್ಪನ ದನಿ ಕೇಳಿತು. ಅಷ್ಟು ಹೊತ್ತಿನ ದನಿಯಲ್ಲ ಅದು, ಹಳೆಯ ಕುರುಗೋಡಿನ ದನಿ, ಬಡಗಿ ಕೆಲಸಕ್ಕೆ ಕೂತವನು ಸಾಮಾನು ಕೇಳುವ ದನಿ.

"ಸತ್ಯವ್ವಾ, ನನ್ನ ಬಾಚಿ ತಗಂಬಾ."

ಸತ್ಯಮ್ಮ ಒಳಗಿನಿಂದ ಮೆಲ್ಲಗೆ ಅಂದಳು: "ಬಾಚಿ ಎಲ್ಲೈತಪ್ಪಾ. ಒಂಬತ್ತು ವರ್ಷ ಆತಲ್ಲ ಮಾರಿ. ನೀನೇ ಒಯ್ದು ಕೊಟ್ಟು ಬಂದಿದ್ದಿ."

"ಹೌದಲ್ಲ," ಅಂದ ಮುದುಕ. "ಪಕ್ಕದ ಮನ್ಯಾಗ ಕೇಳಿ ನೋಡು. ಒಂದು ಗಳಿಗಿ ಕೊಡ್ತಾರೇನು."

ಸತ್ಯಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ಪಕ್ಕದ ಮನೆಯ ಬಾಗಿಲಿಗೆ ಹೋಗುವುದನ್ನು ಸುಂಕಪ್ಪ ಓಣಿಯ ತಿರುವಿನಲ್ಲಿ ನಿಂತು ನೋಡಿದ. ಆಮೇಲೆ ಕುರುಗೋಡಿನ ಬಸ್ಸು ಹುಡುಕಿಕೊಂಡು ಹೋದ.